ಬೋರಣ್ಣನಿಗೆ ನಾನು ಕೊಟ್ಟ ಬಿಡುಗಡೆ

ಹನೂರಿನ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ನನಗೆ ಕೆಲಸ. ರಜೆ, ವರ್ಗಾವಣೆ, ಬಡ್ತಿ, ಅಮಾನತು ಹೀಗೆ ನೌಕರಿಯಲ್ಲಿ ಮನುಷ್ಯನಿಗೆ ಏನೇನು ಆಗಬಹುದೋ ಅದೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತದೆ. ಕಚೇರಿಗೆ ಹೊಸ ತಂತ್ರಾಂಶ ಬಂದಾಗ ಎಲ್ಲರೂ ಕೈಕಟ್ಟಿ ಕೂತಿದ್ದರು. ನಾನೊಬ್ಬನೇ ಒಂದು ವಾರದಲ್ಲಿ ಅದನ್ನು ಪಳಗಿಸಿದೆ. ಅಂದಿನಿಂದ ಯಾರ ಕಂಪ್ಯೂಟರ್ ಮುನಿಸಿಕೊಂಡರೂ "ರಂಗಸ್ವಾಮಿನ ಕರೀರಿ" ಅನ್ನುತ್ತಾರೆ. ನಾನು ಗಂಭೀರವಾಗಿ ಹೋಗಿ, ಒಂದು ಸಲ ಆರಿಸಿ, ಮತ್ತೆ ಹಾಕುತ್ತೇನೆ. ಸರಿಹೋಗುತ್ತದೆ. ಇಷ್ಟೆಲ್ಲ ಅನುಭವ ಇರುವವನು ಮನೆಯಲ್ಲಿರುವ ಒಂದು ಆಟದ ಯಂತ್ರಕ್ಕೆ ಯಾಕೆ ಹೆದರಬೇಕು? ಆ ಶನಿವಾರ ಮಧ್ಯಾಹ್ನ ನನ್ನನ್ನೇ ನಾನು ಕೇಳಿಕೊಂಡ ಪ್ರಶ್ನೆ ಇದು. ಉತ್ತರಕ್ಕೆ ಕಾಯಬೇಕಾಗಿತ್ತು. ಕಾಯಲಿಲ್ಲ.

ಯಂತ್ರ ನನ್ನ ಹೆಂಡತಿ ನಾಗರತ್ನಳದು. ಅದಕ್ಕೂ ಮೊದಲು ಮಾಂಬಳ್ಳಿಯಲ್ಲಿರುವ ಅವಳ ತಮ್ಮ ಸಿದ್ದರಾಜುವಿನದಾಗಿತ್ತು. ಅವನಿಗೆ ಮದುವೆಯಾಗಿ ತಿಂಗಳು ತುಂಬುವುದರೊಳಗೆ ಅವನ ಹೆಂಡತಿ, ಈ ಮನೆಯಲ್ಲಿ ಒಂದೋ ಅದಿರಬೇಕು, ಇಲ್ಲವೇ ನಾನಿರಬೇಕು ಎಂದಳಂತೆ. ಸಿದ್ದರಾಜು ಒಂದು ದಿನ ಪೂರ್ತಿ ಯೋಚನೆ ಮಾಡಿ, ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಕೊಳ್ಳೇಗಾಲದ ನಮ್ಮ ಮನೆಗೆ ತಂದಿಟ್ಟು ಹೋದ. ಒಂದು ದಿನ ಪೂರ್ತಿ ಯಾಕೆ ಬೇಕಾಯಿತು ಎಂದು ಅವನ ಹೆಂಡತಿ ಈಗಲೂ ಕೇಳುತ್ತಾಳೆ.

ರತ್ನ ಮನೆಯಲ್ಲೇ ಕೂತು ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನಮ್ಮ ಬೀದಿಯಲ್ಲಿ ಮಗ್ಗದ ಮನೆಗಳೇ ಹೆಚ್ಚು. ಹಾಗಾಗಿ ಅವಳ ಕೈಗೆ ಬಿಡುವೇ ಇರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಮೂರು ತಿಂಗಳು ಬಗ್ಗಿ ಕೂತು ಕೆಲಸ ಮಾಡಕೂಡದು ಎಂದರು ಡಾಕ್ಟರು. ಸುಮ್ಮನೆ ಮಲಗಿ ಅಭ್ಯಾಸವಿಲ್ಲದ ಹೆಂಗಸು. ಎರಡನೆಯ ವಾರಕ್ಕೆ ಗೋಣಿಚೀಲ ಬಿಚ್ಚಿದಳು. ತಮ್ಮನಿಗೆ ಫೋನು ಮಾಡಿ ಕೇಳಿಕೊಂಡು ಟಿವಿಗೆ ತಂತಿ ಸಿಕ್ಕಿಸಿದಳು. ನಾನು ಬೆಳಿಗ್ಗೆ ಹನೂರಿನ ಬಸ್ಸು ಹತ್ತುವಾಗ ದಿಂಬಿಗೆ ಒರಗಿ ಆಡುತ್ತಿದ್ದಳು, ಸಾಯಂಕಾಲ ಬಂದಾಗಲೂ ಆಡುತ್ತಿದ್ದಳು. ನಾನು "ಹೆಂಗಿದೆ ನೋವು?" ಅಂದರೆ "ಕೋಟೆ ಗೋಡೆ ಏರ್ತಿದ್ದೀನಿ, ಸುಮ್ಕಿರಿ" ಅನ್ನುತ್ತಿದ್ದಳು.

ಆ ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ನಮ್ಮ ಬೀದಿಯಲ್ಲಿ ಅದು ಕೋಟೆ ಆಟ. ಒಂದಲ್ಲ, ಆರು ಭಾಗ ಬಂದಿವೆ. ರಾಜ್ಯ ಕಳೆದುಕೊಂಡ ರಾಜಕುಮಾರಿಯೊಬ್ಬಳು ಕತ್ತಿ ಹಿಡಿದು ಅಲೆದು ಕೋಟೆಗಳನ್ನು ಒಂದೊಂದಾಗಿ ವಾಪಸು ಪಡೆಯುವ ಕಥೆ. ರಾಜಕುಮಾರಿಗೆ ಹೆಸರು ಇಡುವ ಹಕ್ಕು ಆಡುವವರದು. ರತ್ನ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ತನ್ನದನ್ನೇ ಇಟ್ಟಿದ್ದಳು. ಈ ರಾಜಕುಮಾರಿ ರತ್ನನ ಹಿಂದೆ ಮೂಟೆ ಹೊತ್ತ ಒಬ್ಬ ಗಿಡ್ಡ ಮನುಷ್ಯ ಬರುತ್ತಾನೆ. ದೊಡ್ಡ ಹೊಟ್ಟೆ, ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಲಾಟೀನು. ಇಂಗ್ಲಿಷಿನಲ್ಲಿ ಅವನು ಬೋರಾನ್. ನಮ್ಮ ಮನೆಯಲ್ಲಿ ಬೋರಣ್ಣ.

ಬೋರಣ್ಣ ಮೊದಲನೆಯ ಭಾಗದಲ್ಲಿ ಒಂದೇ ಒಂದು ದಿನದ ಕೂಲಿಗೆ ಮೂಟೆ ಹೊರಲು ಬಂದವನು. ಆರನೆಯ ಭಾಗ ಬಂದರೂ ಹೋಗಿಲ್ಲ. ಎರಡನೆಯ ಭಾಗದಲ್ಲಿ ರಾಜಕುಮಾರಿಯನ್ನು ಸೆರೆಯಿಂದ ಬಿಡಿಸಲು ತನ್ನ ಕತ್ತೆ ಮಾರಿದ. ಮೂರನೆಯದರಲ್ಲಿ ಅವಳ ಮೇಲೆ ಬೀಳಬೇಕಿದ್ದ ಬಾಗಿಲಿಗೆ ಕೈ ಕೊಟ್ಟು ಎರಡು ಬೆರಳು ಕಳೆದುಕೊಂಡ. ಅವನಿಗೆ ಕತ್ತಿ ಹಿಡಿಯಲು ಬಾರದು. ಯುದ್ಧ ಶುರುವಾದರೆ ಮೂಟೆಯ ಮರೆಗೆ ಕೂರುತ್ತಾನೆ. ಆದರೆ ರಾಜಕುಮಾರಿ ನೆಲಕ್ಕೆ ಬಿದ್ದಳೋ, ಬಾಣಗಳ ನಡುವೆ ಓಡಿಬಂದು ಅವಳ ಬಾಯಿಗೆ ಯಾವುದೋ ಬೇರಿನ ರಸ ಬಿಡುತ್ತಾನೆ. ಅವಳು ಎದ್ದ ಮೇಲೆ ಮತ್ತೆ ಹೋಗಿ ಮೂಟೆಯ ಹಿಂದೆ ಕೂರುತ್ತಾನೆ.

ಈ ಕಥೆಗೆ ಒಬ್ಬರು ಖಾಯಂ ಪ್ರೇಕ್ಷಕರಿದ್ದಾರೆ, ಎದುರುಮನೆಯ ತಾಯಮ್ಮ. ಎಪ್ಪತ್ತು ದಾಟಿದವರು, ಮೊದಲು ಮಗ್ಗದಲ್ಲಿ ಕೂತವರು, ಈಗ ರತ್ನನ ಜೊತೆ ಕುಚ್ಚು ಕಟ್ಟುತ್ತಾರೆ. ದಿನಾ ಮೂರು ಗಂಟೆಗೆ ಸರಿಯಾಗಿ ನೂಲು ಹಿಡಿದು ಬಂದು ಟಿವಿಯ ಮುಂದೆ ಕೂರುತ್ತಾರೆ. ರತ್ನ ಕೆಲಸ ಬದಿಗಿಟ್ಟು ಒಂದು ಗಂಟೆ ಆಡುತ್ತಾಳೆ. ತಾಯಮ್ಮ ಕಟ್ಟುತ್ತಾ ನೋಡುತ್ತಾರೆ. ಅವರಿಗೆ ರಾಜಕುಮಾರಿ, ಕೋಟೆ ಎರಡೂ ಅಷ್ಟಕ್ಕಷ್ಟೆ. ಬೋರಣ್ಣನ ಕಾಲಿಗೆ ಮುಳ್ಳು ಚುಚ್ಚಿದರೆ ಮಾತ್ರ ಕುಚ್ಚು ಕೈಯಿಂದ ಜಾರುತ್ತದೆ.

ಆ ಶನಿವಾರ ಬೆಳಿಗ್ಗೆ ರತ್ನ ಹೂಗ್ಯಂಗೆ ಹೊರಟಳು. ಅಲ್ಲಿ ಅವಳ ಅಕ್ಕನ ಮೊಮ್ಮಗುವಿಗೆ ನಾಮಕರಣ. ಮಂಗಳವಾರ ಬರುತ್ತೇನೆ ಎಂದಳು. ಹೊರಡುವಾಗ ಮೂರು ಮಾತು ಹೇಳಿದಳು.

"ಹಾಲು ಕಾಸಿಡಿ. ಸೀರೆ ಇರೋ ಕೋಣೆಗೆ ಬೆಕ್ಕು ಬುಡ್ಬ್ಯಾಡಿ. ಮಿಷನ್ ಮುಟ್ಬ್ಯಾಡಿ."

ಮೊದಲ ಎರಡನ್ನು ನಾನು ಅಕ್ಷರಶಃ ಪಾಲಿಸಿದೆ ಎಂದು ಇಲ್ಲಿ ದಾಖಲಿಸಲು ಇಚ್ಛಿಸುತ್ತೇನೆ.

ಮೂರನೆಯದಕ್ಕೆ ಒಂದು ಕಾರಣವಿತ್ತು. ನಾಲ್ಕು ದಿನದಿಂದ ರತ್ನ ಒಂದು ಹೊಳೆಯ ದಡದಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಆರನೆಯ ಭಾಗದ ಕೊನೆಯ ಕೋಟೆ ಹೊಳೆಯ ಆಚೆ ಇದೆ. ದಾಟಲು ಒಂದು ತೆಪ್ಪ ಇದೆ. ರಾಜಕುಮಾರಿ, ಬೋರಣ್ಣ, ಮೂಟೆ ಮೂರೂ ಹತ್ತಿದರೆ ತೆಪ್ಪ ಮುಳುಗುತ್ತದೆ. ನಾಲ್ಕು ದಿನ ಮುಳುಗಿ ಮುಳುಗಿ ಎದ್ದಿದ್ದಳು. ಊಟಕ್ಕೆ ಬಡಿಸುವಾಗಲೂ "ಅದೆಂಗ ದಾಟದು" ಎಂದು ಗೊಣಗುತ್ತಿದ್ದಳು. ಅವಳು ಬರುವುದರೊಳಗೆ ಹೊಳೆ ದಾಟಿಸಿ ನಿಲ್ಲಿಸಿದರೆ ಎಷ್ಟು ಸಂತೋಷಪಡುತ್ತಾಳೆ ಎಂದು ನಾನು ಯೋಚಿಸಿದೆ. ಮದುವೆಯಾದ ಮೇಲೆ ನಾನು ಅವಳಿಗೆ ಕೊಟ್ಟ ಅನಿರೀಕ್ಷಿತ ಉಡುಗೊರೆಗಳು ಕಡಿಮೆ. ಇದ್ದವನ್ನೂ ಅವಳು ಅಂಗಡಿಗೆ ವಾಪಸು ಕೊಟ್ಟಿದ್ದಾಳೆ.

ಊಟ ಮುಗಿಸಿ, ಕೈ ತೊಳೆದು, ಯಂತ್ರ ಹಾಕಿದೆ. ಹೊಳೆಯ ದಡ ಬಂತು. ರಾಜಕುಮಾರಿ ಮುಂದೆ, ಬೋರಣ್ಣ ಹಿಂದೆ. ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ರಾಜಕುಮಾರಿ ಕುಣಿದಳು, ಕೂತಳು, ಬೋರಣ್ಣನ ಟೋಪಿಗೆ ಕತ್ತಿಯಿಂದ ಒಂದೇಟು ಹಾಕಿದಳು. ಅವನು ಟೋಪಿ ಸರಿಮಾಡಿಕೊಂಡ. ಆಮೇಲೆ ತೆಪ್ಪದ ಹತ್ತಿರ ಒಂದು ಪಟ್ಟಿ ಬಂತು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಹೊಳೆಯಿತು. ಬೋರಾನ್‌ನನ್ನು ರಿಲೀವ್ ಮಾಡಬೇಕೆ? ಹೌದು, ಇಲ್ಲ.

ಓದುಗರು ದಯವಿಟ್ಟು ನನ್ನ ಸ್ಥಾನದಲ್ಲಿ ನಿಂತು ನೋಡಬೇಕು. ಬೇರೆ ಯಾರಾದರೂ ಆಗಿದ್ದರೆ ಆ ಪದ ಕಂಡು ಅನುಮಾನಪಡುತ್ತಿದ್ದರು. ನನಗೆ ಅದು ದಿನನಿತ್ಯದ ಅನ್ನ. ನಮ್ಮಲ್ಲಿ ರಿಲೀವ್ ಆದವನು ಎಲ್ಲಿಗೂ ಹೋಗಿಬಿಡುವುದಿಲ್ಲ. ಇಲ್ಲಿ ಬಿಡುಗಡೆಯಾಗಿ ಅಲ್ಲಿ ಹಾಜರಾಗುತ್ತಾನೆ. ನಡುವೆ ಒಂದಷ್ಟು ಕಾಲಾವಕಾಶ ಕೊಡುತ್ತೇವೆ. ಸದರಿ ಬೋರಾನ್ ಎಂಬುವರನ್ನು ಈ ದಡದ ಕರ್ತವ್ಯದಿಂದ ಬಿಡುಗಡೆಗೊಳಿಸಿದರೆ, ರಾಜಕುಮಾರಿ ಹಗುರವಾಗಿ ತೆಪ್ಪದಲ್ಲಿ ದಾಟುತ್ತಾಳೆ, ಸದರಿಯವರು ಸ್ವಂತ ವ್ಯವಸ್ಥೆಯಲ್ಲಿ ಬಂದು ಆ ದಡದಲ್ಲಿ ವರದಿ ಮಾಡಿಕೊಳ್ಳುತ್ತಾರೆ. ನಾಲ್ಕು ದಿನ ಇದು ರತ್ನನಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕಪಟ್ಟು, ಹೌದು ಒತ್ತಿದೆ.

ಬೋರಣ್ಣ ಮೂಟೆಯನ್ನು ನಿಧಾನವಾಗಿ ಕೆಳಗಿಟ್ಟ. ಲಾಟೀನನ್ನು ಅದರ ಪಕ್ಕದಲ್ಲಿಟ್ಟ. ಟೋಪಿ ತೆಗೆದು ರಾಜಕುಮಾರಿಗೆ ಬಗ್ಗಿ ನಮಸ್ಕಾರ ಮಾಡಿದ. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ಹೋದ. ಗುಡ್ಡದ ತಿರುವಿನಲ್ಲಿ ಒಂದು ಸಲ ನಿಂತ. ನಾನು "ಹೋಗ್ ಬಾ, ಆ ಕಡೆ ಸಿಕ್ತೀನಿ" ಎಂದು ಟಿವಿಗೆ ಕೈ ಬೀಸಿದೆ.

ರಾಜಕುಮಾರಿ ಮೂಟೆ ಎಳೆದುಕೊಂಡು ಹೊಳೆ ದಾಟಿದಳು. ಯಂತ್ರ ತಾನಾಗಿಯೇ ಎಲ್ಲವನ್ನೂ ದಾಖಲು ಮಾಡಿಕೊಂಡಿತು. ಆ ದಡದಲ್ಲಿ ನಾನು ಬೋರಣ್ಣನಿಗೆ ಕಾದೆ. ಹತ್ತು ನಿಮಿಷವಾಯಿತು. ಎದ್ದು ಕಾಫಿ ಮಾಡಿಕೊಂಡು ಬಂದೆ. ಅವನು ಹಾಜರಾಗಿರಲಿಲ್ಲ. ದಾರಿ ದೂರ ಇರಬೇಕು ಎಂದುಕೊಂಡೆ.

ಮೂರು ಗಂಟೆಗೆ ತಾಯಮ್ಮ ಬಂದರು. ರತ್ನ ಊರಲ್ಲಿಲ್ಲ ಎಂದು ಗೊತ್ತಿದ್ದರೂ ಟಿವಿಯ ಸದ್ದು ಕೇಳಿ ಬಂದಿದ್ದರು. ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿ ನೋಡಿದರು.

"ಓ, ದಾಟ್ಬುಟ್ಟವ್ಳಲ್ಲಾ. ಬೋರಣ್ಣ ಎಲ್ಲವ್ನೆ?"

"ಬರ್ತಾವ್ನೆ ತಾಯಮ್ಮ. ಹಿಂದೆ ಉಳಿದಿದ್ದಾನೆ."

"ಅವನ್ಯಾವಾಗ್ಲೂ ಹಿಂದ್ಗಡೆನೇ ಇರದು. ಈಗ ಹಿಂದ್ಗಡೆನೂ ಕಾಣ್ತಿಲ್ವಲ್ಲಾ."

ನಾನು ನಡೆದದ್ದನ್ನು ಕಚೇರಿಯ ಭಾಷೆಯಲ್ಲಿ ವಿವರಿಸಿದೆ. ತಾಯಮ್ಮ ಪೂರ್ತಿ ಕೇಳಿದರು. ನೂಲನ್ನು ಮಡಿಲಲ್ಲಿಟ್ಟುಕೊಂಡರು.

"ಅಂದ್ರೆ ಕೆಲ್ಸ ಬುಡಿಸಿ ಕಳಿಸ್ಬುಟ್ಟೆ."

"ಬಿಡಿಸಿಲ್ಲ, ಬಿಡುಗಡೆ ಮಾಡಿದ್ದೀನಿ."

"ಎರಡು ಬೆರಳು ಓದ್ವಲ್ಲ ರಂಗಸಾಮಿ ಅವಂದು, ಆ ತಾಯಿಗೋಸ್ಕರ. ಕತ್ತೆ ಮಾರ್ದ. ನೀ ಬಂದ ಅರ್ಧ ಗಂಟೇಲಿ ಓಗು ಅಂದ್ಬುಟ್ಟಾ?"

ಅದೇ ಹೊತ್ತಿಗೆ ಹೂಗ್ಯಂನಿಂದ ರತ್ನನ ಫೋನು ಬಂತು. ಮಗುವಿನ ತೊಟ್ಟಿಲು, ಹೋಳಿಗೆ, ಅಕ್ಕನ ಮಂಡಿನೋವು ಎಲ್ಲ ಹೇಳಿ, "ಅಲ್ಲೇನ್ ಸಮಾಚಾರ?" ಅಂದಳು. "ಹಾಲು ಕಾಸಿಟ್ಟಿದ್ದೀನಿ" ಅಂದೆ. ಸುಳ್ಳಲ್ಲ.

ಹೋದವನನ್ನು ಕರೆದುಕೊಂಡು ಬಂದರಾಯಿತು ಎಂದು ನಾನು ಧೈರ್ಯ ತಂದುಕೊಂಡೆ. ಮೂಟೆಯನ್ನು ಆ ದಡದಲ್ಲೇ ಬಿಟ್ಟು ಈ ದಡಕ್ಕೆ ದಾಟಿದೆ. ಬೋರಣ್ಣನ ಊರು ಎಲ್ಲಿ ಎಂದು ತಾಯಮ್ಮನಿಗೆ ಗೊತ್ತಿತ್ತು. ಗಾಳಿಯಂತ್ರದ ಬೀದಿ, ಮೂರನೆಯ ಮನೆ, ಮುಂದೆ ಬದನೆ ಪಾತಿ. ಅವರು ಹೇಳಿದ ಹಾಗೇ ನಡೆದೆ. ಬಾಗಿಲಲ್ಲಿ ಬೋರಣ್ಣ ಕೂತು ಈರುಳ್ಳಿ ಸುಲಿಯುತ್ತಿದ್ದ. ರಾಜಕುಮಾರಿಯನ್ನು ನೋಡಿ ಎದ್ದು ನಿಂತ. ಆಗ ಮತ್ತೊಂದು ಪಟ್ಟಿ ಬಂತು. ಅದರಲ್ಲಿ ನಾಲ್ಕು ದಾರಿ. ಕ್ಷಮೆ ಕೇಳು, ಉಡುಗೊರೆ ಕೊಡು, ಆಜ್ಞೆ ಮಾಡು, ಸುಮ್ಮನೆ ಕೂರು.

"ಕ್ಷಮೆ ಕೇಳು" ಅಂದರು ತಾಯಮ್ಮ.

ಆದರೆ ಆಡಳಿತದಲ್ಲಿ ಕ್ಷಮೆ ಕೇಳುವ ಪದ್ಧತಿ ಇಲ್ಲ. ತಪ್ಪಾದ ಆದೇಶವನ್ನು ಇನ್ನೊಂದು ಆದೇಶದಿಂದ ಹಿಂಪಡೆಯುತ್ತಾರೆ. ನಾನು ಆಜ್ಞೆ ಒತ್ತಿದೆ. ರಾಜಕುಮಾರಿ ಕೈ ಮುಂದೆ ಚಾಚಿ ಗದರಿದಳು. ಬೋರಣ್ಣ ತಲೆ ತಗ್ಗಿಸಿದ. ಅವನ ವಿಶ್ವಾಸ ಎಷ್ಟಿದೆ ಎಂದು ತೋರಿಸಲು ತಲೆಯ ಮೇಲೆ ಉರಿಯುವ ಐದು ಪುಟ್ಟ ದೀಪಗಳಲ್ಲಿ ಎರಡು ಆರಿದವು. ಎರಡನೆಯ ಸಲ ಒತ್ತಿದೆ. ಜ್ಞಾಪನ ಕಳಿಸುವುದು ವಾಡಿಕೆ. ಮತ್ತೆರಡು ಆರಿದವು. ಮೂರನೆಯ ಸಲ ಒತ್ತಲು ಹೋಗಿ ಬೆರಳು ಪಕ್ಕದ ಗುಂಡಿಗೆ ಬಿದ್ದು ರಾಜಕುಮಾರಿ ಕತ್ತಿ ಹಿರಿದಳು. ಬೋರಣ್ಣ ಈರುಳ್ಳಿಯ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಗುಳಿಯ ಸದ್ದು ಸ್ಪಷ್ಟವಾಗಿ ಕೇಳಿಸಿತು.

ತಾಯಮ್ಮ ಎದ್ದರು. "ನಾ ಬತ್ತೀನಿ ಕಣಪ್ಪ. ಇದನ್ನ ನೋಡಕ್ಕಾಗಲ್ಲ ನಂಗೆ." ಹೋಗುವಾಗ ಕಾಫಿ ಕೂಡ ಬೇಡ ಅಂದರು.

ಒಬ್ಬನೇ ಉಳಿದಾಗ ಮನುಷ್ಯನಿಗೆ ಕೆಟ್ಟ ಯೋಚನೆಗಳು ಬರುತ್ತವೆ. ನನಗೆ ಬಂದದ್ದು ಹೊರಗುತ್ತಿಗೆ. ಆ ಊರಿನ ಛತ್ರದಲ್ಲಿ ಕೆಲಸಕ್ಕೆ ಆಳುಗಳು ಸಿಗುತ್ತಾರೆ. ಇದ್ದವರಲ್ಲಿ ಒಬ್ಬನನ್ನು ಹಿಡಿದೆ. ರಾಜಕುಮಾರಿಗಿಂತ ಒಂದು ಮೊಳ ಎತ್ತರ, ಕಡ್ಡಿಯ ಹಾಗೆ ಸಣ್ಣ, ಹಣೆಯ ಮೇಲೆ ಗಾಯದ ಗುರುತು. ಹೊಳೆ ದಾಟಿಸಿ, ಅವನಿಗೊಂದು ಕಿವಿ ಮುಚ್ಚುವ ಟೋಪಿ ಹಾಕಿ, ಬೋರಣ್ಣನ ಮೂಟೆ ಹೊರಿಸಿ, ಕೈಗೆ ಲಾಟೀನು ಕೊಟ್ಟೆ. ದೂರದಿಂದ, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ಬೋರಣ್ಣ ಕಾಯಿಲೆಯಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದ. ರತ್ನ ಕೇಳಿದರೆ ಹಾಗೇ ಹೇಳುವುದು ಎಂದು ತೀರ್ಮಾನಿಸಿದೆ.

ಕಾಡಿನ ಅಂಚಿಗೆ ಹೋಗುವಷ್ಟರಲ್ಲಿ ಎರಡು ತೋಳ ಬಂದವು. ರಾಜಕುಮಾರಿ ಬಿದ್ದಳು. ಬೇರಿನ ರಸಕ್ಕಾಗಿ ತಿರುಗಿ ನೋಡಿದರೆ ಹೊರಗುತ್ತಿಗೆಯವನು ಓಡುತ್ತಿದ್ದ. ಮೂಟೆಯ ಸಮೇತ. ಆ ಮೂಟೆಯಲ್ಲಿ ಆರು ಭಾಗದಲ್ಲಿ ಕೂಡಿಟ್ಟ ಸಕಲವೂ ಇತ್ತು, ರಾಜಕುಮಾರಿಯ ತಾಯಿಯ ಕಾಲ್ಗಡಗವೂ ಸೇರಿ.

ಭಾನುವಾರ ಬೆಳಿಗ್ಗೆ ಸಿದ್ದರಾಜುಗೆ ಫೋನು ಮಾಡಿದೆ. ವಿಷಯ ಕೇಳಿ ಅವನು ಫೋನು ಹಿಡಿದು ಹಿತ್ತಲಿಗೆ ಹೋದ ಸದ್ದಾಯಿತು. ಆಮೇಲೆ ದನಿ ತಗ್ಗಿಸಿ, "ಭಾವ, ಓದ್ ತಿಂಗ್ಳು ನಿಮ್ಮನೇಗೆ ಬಂದಾಗ ಅಕ್ಕನ ಆಟನ ಒಂದು ಕಾಪಿ ಪೆನ್‌ಡ್ರೈವಿಗೆ ತಕಂಡಿವ್ನಿ. ಅದ್ರಲ್ಲಿ ಬೋರಣ್ಣ ಅವ್ನೆ. ನೀವೇ ಬಂದು ತಕಂಡೋಗಿ. ಇಲ್ಲಿ ಬಾಯಿ ಬುಡ್ಬ್ಯಾಡಿ" ಅಂದ. ಯಂತ್ರ ಹೋದರೂ ಪೆನ್‌ಡ್ರೈವ್ ಉಳಿದಿರುವುದು ಅವನ ಹೆಂಡತಿಗೆ ಗೊತ್ತಿರಲಿಲ್ಲ.

ಯಳಂದೂರಿನ ಬಸ್ಸು ಹತ್ತಿ ಮಾಂಬಳ್ಳಿಯಲ್ಲಿ ಇಳಿದೆ. ಸಿದ್ದರಾಜುವಿನ ಹೆಂಡತಿ ನೀರು ಕೊಟ್ಟು, "ಏನಣ್ಣ, ಅಪರೂಪ?" ಎಂದಳು. "ಅವರೆಕಾಯಿಗೆ ಬಂದೆ" ಎಂದೆ. ಬಾಯಿಗೆ ಬಂದದ್ದು ಅದು. ಕೊಳ್ಳೇಗಾಲದ ಸಂತೆ ಬಿಟ್ಟು ಅವರೆಕಾಯಿಗೆ ಮಾಂಬಳ್ಳಿಗೆ ಬಂದ ಭಾವನನ್ನು ಅವಳು ಕನಿಕರದಿಂದ ನೋಡಿದಳು. ಸಿದ್ದರಾಜು ಒಂದು ದೊಡ್ಡ ಚೀಲದ ತುಂಬ ಅವರೆಕಾಯಿ ತಂದು ಕೈಗಿಟ್ಟು, ಅದರೊಳಗೇ ಇದೆ ಎಂದು ಕಣ್ಣಲ್ಲಿ ಹೇಳಿದ. ಮನೆಗೆ ಬಂದು ಚೀಲವನ್ನು ನೆಲಕ್ಕೆ ಸುರಿದೆ. ಒಂದೊಂದೇ ಕಾಯಿ ಸರಿಸುತ್ತಾ ಹೋದೆ. ಪೆನ್‌ಡ್ರೈವ್ ಕೊನೆಗೂ ಸಿಕ್ಕಿತು. ಹುಳುವೂ ಸಿಕ್ಕಿತು.

ಈಗ ಅದರಲ್ಲಿದ್ದ ಹಳೆಯ ಆಟವನ್ನು ಯಂತ್ರಕ್ಕೆ ಹಾಕಿದರೆ ಮುಗಿಯುತ್ತಿತ್ತು. ಅಷ್ಟನ್ನೇ ಮಾಡಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಕಚೇರಿ ನನಗೆ ಒಂದು ಪಾಠ ಕಲಿಸಿದೆ. ಯಾವುದೇ ಕಡತಕ್ಕೆ ಕೈ ಹಾಕುವ ಮೊದಲು ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು. ಯಂತ್ರದಲ್ಲಿ ಈಗ ಇರುವುದು ಎಷ್ಟೇ ಕೆಟ್ಟದ್ದಾಗಿರಲಿ, ದಾಖಲೆ ದಾಖಲೆಯೇ. ಆದ್ದರಿಂದ ಮೊದಲು ಅದನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಲು ಹೇಳಿದೆ. ಇದೇ ಹೆಸರಿನದು ಒಂದು ಈಗಾಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಯಂತ್ರ ಕೇಳಿತು. ಎರಡನೆಯ ಸಲವೂ ಕೇಳಿತು. ಇಷ್ಟು ಜಾಗರೂಕತೆಯ ಯಂತ್ರವನ್ನು ಕಂಡು ಮೆಚ್ಚಿ, ಬರೆ ಎಂದೆ.

ಬರೆಯಿತು. ಈಗ ಎರಡೂ ಕಡೆ ಬೋರಣ್ಣ ಇರಲಿಲ್ಲ.

ಸಿದ್ದರಾಜುಗೆ ಮತ್ತೆ ಫೋನು ಮಾಡಿದೆ. "ಇನ್ನೊಂದು ಕಾಪಿ ಅದಾ?" ಅಂದೆ. ಅವನಿಗೆ ತಕ್ಷಣ ಅರ್ಥವಾಯಿತು. "ಭಾವ, ಅಕ್ಕ ಕೇಳಿದ್ರೆ ನಂಗೇನೂ ಗೊತ್ತಿಲ್ಲ" ಎಂದು ಇಟ್ಟುಬಿಟ್ಟ.

ಸೋಮವಾರ ಕಚೇರಿಗೆ ರಜೆ ಹಾಕಿದೆ. ಕಾರಣದ ಜಾಗದಲ್ಲಿ 'ಕೌಟುಂಬಿಕ ತುರ್ತು' ಎಂದು ಬರೆದೆ. ಇಂಥ ಕಾರಣಗಳನ್ನು ಬೇರೆಯವರು ಬರೆದಾಗ ನಾನೇ ನಕ್ಕು ಸಹಿಗೆ ಕಳಿಸುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಸದ್ದಾಯಿತು. ರತ್ನ ಚೀಲ ಹಿಡಿದು ನಿಂತಿದ್ದಳು. ಮಂಗಳವಾರ ಬರಬೇಕಾದವಳು. ಹಿಂದೆಯೇ ತಾಯಮ್ಮ. ಫೋನು ಮಾಡಿದ್ದು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ರತ್ನ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಕಾಲು ತೊಳೆದುಕೊಂಡು ಬಂದು, ನೆಲದಲ್ಲಿ ಹರಡಿದ್ದ ಅವರೆಕಾಯಿ ದಾಟಿ ಹೋಗಿ ಯಂತ್ರ ಹಾಕಿದಳು. ನಾನು ಯಂತ್ರ ಆರಿಸಿ ಹಾಕಿದ್ದರಿಂದ ಮತ್ತೆ ಎದ್ದಿದ್ದ ರಾಜಕುಮಾರಿ ಕಾಡಿನ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು.

"ಮೂಟೆ?"

"ಹೊರಗುತ್ತಿಗೆಯವನು ತಗೊಂಡು ಹೋದ."

ಅವಳು ಕಣ್ಣು ಮುಚ್ಚಿಕೊಂಡಳು.

"ರತ್ನ, ಅದೊಂದು ಆಟ. ಬೇಕಾದ್ರೆ ಮೊದಲಿಂದ ಆಡಬಹುದು" ಅಂದೆ. ಸಮಾಧಾನಕ್ಕೆ ಅಂದದ್ದು. ಅನ್ನಬಾರದಿತ್ತು.

"ನಂಗೂ ಗೊತ್ತು ಆಟ ಅಂತ" ಅಂದಳು ಅವಳು, ಟಿವಿಯನ್ನೇ ನೋಡುತ್ತಾ. "ಆಪ್ರೇಷನ್ ಆಗಿ ಮೂರು ತಿಂಗ್ಳು ಮಲಗಿದ್ನಲ್ಲ, ನೀವು ಬೆಳಿಗ್ಗೆ ಓದ್ರೆ ಕತ್ತಲಾದ್ಮೇಲೆ ಬರೋರು. ಅವ್ವ ಇಲ್ಲ. ಅಕ್ಕ ಹೂಗ್ಯಂನಲ್ಲಿ. ಎದ್ದು ಬಚ್ಚಲಿಗೋಗಕ್ಕೂ ಭಯ ಆಗದು, ಎಲ್ಲಿ ಬಿದ್ಬುಡ್ತೀನೋ ಅಂತ. ಆಗ ಇಡೀ ದಿನ ಹಿಂದ್ಗಡೆ ಟಪ ಟಪ ಅಂತ ಇವನ ಹೆಜ್ಜೆ ಸದ್ದು. ಅಷ್ಟೆ ಕಣ್ರಿ. ಇನ್ನೇನಿಲ್ಲ."

ಆ ಮೂರು ತಿಂಗಳು ನಾನು ರಜೆ ಹಾಕಬಹುದಿತ್ತು. ರಜೆಯ ಶಾಖೆಯೇ ನನ್ನದು. ಎಷ್ಟು ಬಾಕಿ ಇತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರೆಕಾಯಿಯ ಮುಂದೆ ಕೂತು ಸುಲಿಯಲು ಶುರುಮಾಡಿದೆ. ಬೇರೆ ಯಾವ ಕಡೆಯೂ ನೋಡುವ ಹಾಗಿರಲಿಲ್ಲ.

ರತ್ನ ರಾಜಕುಮಾರಿಯನ್ನು ವಾಪಸು ನಡೆಸಿದಳು. ಹೊಳೆ ದಾಟಿ, ಗಾಳಿಯಂತ್ರದ ಬೀದಿಗೆ ಹೋದಳು. ಬಾಗಿಲು ಮುಚ್ಚಿತ್ತು. ಮೇಲೆ ಒಂದೇ ಒಂದು ದೀಪ ಉರಿಯುತ್ತಿತ್ತು. ಮತ್ತೆ ಆ ನಾಲ್ಕು ದಾರಿಗಳ ಪಟ್ಟಿ.

"ಕ್ಷಮೆ ಕೇಳವ್ವ" ಅಂದರು ತಾಯಮ್ಮ.

"ಆಗ ಕೇಳಿದ್ರೆ ನಡೀತಿತ್ತು ಕಣತ್ತೆ. ಕತ್ತಿ ತೋರ್ಸಿದ್ಮೇಲೆ ಬಾಯಿ ಮಾತು ಯಾರ್ ನಂಬ್ತಾರೆ?"

ಅವಳು ಸುಮ್ಮನೆ ಕೂರು ಎನ್ನುವುದನ್ನು ಒತ್ತಿದಳು. ರಾಜಕುಮಾರಿ ಬೋರಣ್ಣನ ಮನೆಯ ಜಗಲಿಯ ಮೇಲೆ ಕೂತಳು. ಅಷ್ಟೆ. ಏನೂ ಆಗಲಿಲ್ಲ. ರತ್ನ ಒಂದು ಸೀರೆ ಎಳೆದುಕೊಂಡು ಕುಚ್ಚು ಕಟ್ಟತೊಡಗಿದಳು. ತಾಯಮ್ಮ ಇನ್ನೊಂದು ತುದಿ ಹಿಡಿದರು. ನಾನು ಅವರೆಕಾಯಿ ಸುಲಿದೆ. ಟಿವಿಯಲ್ಲಿ ಸಂಜೆಯಾಯಿತು, ಬೆಳಗಾಯಿತು, ಮಳೆ ಬಂತು. ರಾಜಕುಮಾರಿ ನೆನೆಯುತ್ತಾ ಕೂತಿದ್ದಳು. ಒಂದು ಸಲ ಕಿಟಕಿ ತೆರೆದು ಮುಚ್ಚಿತು. ತಾಯಮ್ಮ "ನೋಡ್ದ, ನೋಡ್ದ" ಎಂದು ಪಿಸುಗುಟ್ಟಿದರು. ರತ್ನ ಗುಂಡಿ ಮುಟ್ಟಲಿಲ್ಲ. ಅರ್ಧ ಸೆರಗಿನ ಕುಚ್ಚು ಮುಗಿಯಿತು. ಟಿವಿಯಲ್ಲಿ ಮೂರನೆಯ ಬೆಳಗಾಯಿತು.

ಅಗುಳಿ ಸರಿದ ಸದ್ದು ಬಂದಾಗ ಮೂವರೂ ತಲೆ ಎತ್ತಿದೆವು. ಬೋರಣ್ಣ ಒಂದು ಬಟ್ಟಲು ಹಿಡಿದು ಹೊರಗೆ ಬಂದ. ರಾಜಕುಮಾರಿಯ ಪಕ್ಕದಲ್ಲಿ ಇಟ್ಟ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತೆ?" ತಾಯಮ್ಮ ಕೇಳಿದರು.

ರತ್ನ ಓದಿ ಹೇಳಿದಳು. "ಊಟ ಆಯ್ತಾ ಅವ್ವ, ಅಂತವ್ನೆ."

ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಣ್ಣಿಗೂ ಏನೋ ಬಿದ್ದಿತ್ತು. ಅವರೆಕಾಯಿಯ ಸೊಗಡು ಇರಬೇಕು.

ಬೋರಣ್ಣ ಒಳಗೆ ಹೋಗಿ ಒಂದು ಹಳೆಯ ಜಮಖಾನ ತಂದು, ಅದನ್ನೇ ಹೊಲಿದು ಹೊಸ ಮೂಟೆ ಮಾಡಿಕೊಂಡ. ಮೊದಲಿನ ಹಾಗೆ ಬೆನ್ನಿಗೆ ಅಂಟಿಕೊಂಡು ಬರಲಿಲ್ಲ. ಹತ್ತು ಹೆಜ್ಜೆ ಅಂತರ ಇಟ್ಟುಕೊಂಡು ಬಂದ. ಒಂದು ದೀಪದಿಂದ ಐದು ದೀಪಕ್ಕೆ ಹೋಗಲು ಬಹಳ ದಿನ ಬೇಕು ಎಂದಳು ರತ್ನ. ಹೊಳೆಯ ದಡಕ್ಕೆ ಬಂದಾಗ ನಾನು ಧೈರ್ಯ ಮಾಡಿ ಕೇಳಿದೆ. "ಈಗ ಹೆಂಗೆ ದಾಟ್ತೀಯ?"

"ಬಸ್ನಲ್ಲಿ ಬರ್ತಾ ಯೋಚ್ನೆ ಮಾಡ್ದೆ" ಅಂದಳು. ರಾಜಕುಮಾರಿ ಮೈಮೇಲಿದ್ದ ಕಬ್ಬಿಣದ ಕವಚ, ಶಿರಸ್ತ್ರಾಣ, ಮಂಡಿಯ ತಗಡು ಒಂದೊಂದಾಗಿ ಬಿಚ್ಚಿ ದಡದಲ್ಲಿಟ್ಟಳು. ಬರೀ ಹತ್ತಿಯ ಅಂಗಿಯಲ್ಲಿ ತೆಪ್ಪ ಹತ್ತಿದಳು. ಬೋರಣ್ಣ ಹತ್ತಿದ. ಮೂಟೆ ಹತ್ತಿತು. ತೆಪ್ಪ ಸ್ವಲ್ಪ ವಾಲಾಡಿ ತೇಲಿತು.

"ಇಷ್ಟು ಭಾರ ನಾವೇ ಹೊತ್ಕೊಂಡು, ಇನ್ನೊಬ್ರನ್ನ ಇಳಿ ಅನ್ನದಾ?" ಅಂದಳು ರತ್ನ. ಅದು ರಾಜಕುಮಾರಿಗೆ ಹೇಳಿದ್ದು ಎಂದು ನಾನು ಇಂದಿಗೂ ನಂಬಿದ್ದೇನೆ.

ಮರುವಾರ ರತ್ನ ಒಂದು ತೀರ್ಪು ಕೊಟ್ಟಳು. ನನಗೆ ಆಟದ ಮೇಲೆ ಅಷ್ಟು ಆಸೆ ಇದ್ದರೆ ನನ್ನದೇ ಹೆಸರಿನಲ್ಲಿ ಬೇರೆ ಖಾತೆ ತೆರೆದು ಮೊದಲನೆಯ ಭಾಗದಿಂದ ಆಡಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಅವಕಾಶ. ಅವಳ ಖಾತೆಗೆ ಗುಪ್ತಪದ ಹಾಕಿದ್ದಾಳೆ. ತಾಯಮ್ಮನಿಗೆ ಅದು ಗೊತ್ತು, ನನಗೆ ಗೊತ್ತಿಲ್ಲ.

ಮೊದಲನೆಯ ಭಾಗ ಶುರುವಾಗುವುದು ಒಂದು ಸಣ್ಣ ಊರಿನಲ್ಲಿ. ನಡೆಯುವುದು, ಓಡುವುದು, ಹಾರುವುದು ಕಲಿಸಲು ಅಲ್ಲೊಬ್ಬ ಮುದುಕ ಮೇಷ್ಟ್ರು ಇದ್ದಾನೆ. ಮಕ್ಕಳು ಐದು ನಿಮಿಷದಲ್ಲಿ ಮುಗಿಸುವ ಪಾಠವಂತೆ. ನನಗೆ ಇದು ಆರನೆಯ ಭಾನುವಾರ. ನಡೆಯುವುದು ಬಂದಿದೆ. ನಿಲ್ಲುವುದು ಬಂದಿಲ್ಲ. ಊರ ನಡುವೆ ಒಂದು ಬಾವಿ ಇದೆ. ಮೇಷ್ಟ್ರು ಬಾವಿಕಟ್ಟೆಯ ಹತ್ತಿರ ನಿಂತು, ಪರವಾಗಿಲ್ಲ ಮತ್ತೆ ಪ್ರಯತ್ನ ಮಾಡು ಎನ್ನುತ್ತಾನೆ. ಅವನ ದನಿಯಲ್ಲಿ ಮೊದಲಿನ ಉತ್ಸಾಹ ಇಲ್ಲ. ಹೋದ ವಾರ ತಾಯಮ್ಮ ಸ್ವಲ್ಪ ಹೊತ್ತು ಕೂತು ನೋಡಿ, "ಇದ್ರಲ್ಲಿ ಕಥೆನೇ ಇಲ್ವಲ್ಲ" ಎಂದು ಎದ್ದು ಹೋದರು.

ಬೋರಣ್ಣ ಕೂಲಿಗೆ ಸಿಗುವುದು ಊರ ಹೊರಗಿನ ಸೇತುವೆಯ ಹತ್ತಿರವಂತೆ. ನಾನಿನ್ನೂ ಬಾವಿಯಿಂದ ಮೇಲೆ ಬಂದಿಲ್ಲ.